ಲೆಕ್ಕಕ್ಕೂ ಮಾತಿಗೂ ಸಂಬಂಧ ಇದೆ ಮೇಷ್ಟ್ರೇ

ಗಣಿತ ಮೇಷ್ಟ್ರಾಗಿ ರಿಟೈರ್ ಆಗಿರೋ ಓದುಗರೊಬ್ಬರ ಪತ್ರ: “ಮನೇಲಿ ಟ್ಯೂಷನ್ ಹೇಳ್ತೀನಿ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಪಾಠ ಗಡಗಡ ಅಂತ ಓದ್ತಾನೆ, ಪ್ರಶ್ನೆ ಕೇಳಿದ್ರೆ ಮಾತ್ರ ಪಿಳಿಪಿಳಿ ನೋಡ್ತಾನೆ. ಇದು ಭಾಷೆಯ ತೊಂದರೆ ಅಂತ ಯಾರೋ ಹೇಳಿದ್ದನ್ನ ಅವರಪ್ಪ ಅಮ್ಮ ಹಿಡ್ಕೊಂಡು ಕೂತಿದಾರೆ. ನಮ್ಮ ಕಾಲದಲ್ಲಿ ಇದಕ್ಕೆ ಸೋಮಾರಿತನ ಅಂತಿದ್ರು. ಮಾತು ತಡ ಆದ್ರೆ ತಾನಾಗೇ ಸರಿ ಹೋಗತ್ತೆ. ಭಾಷಾ ವಿಷಯದಲ್ಲಿ ಮಾರ್ಕ್ಸ್ ಕಮ್ಮಿ ಬರ್ಲಿ, ಒಪ್ತೀನಿ, ಗಣಿತಕ್ಕೂ ಅದಕ್ಕೂ ಏನ್ರೀ ಸಂಬಂಧ? ಅಂದಹಾಗೆ ಈಗಿನ ಮಕ್ಕಳ ಹ್ಯಾಂಡ್‌ರೈಟಿಂಗ್ ಬಗ್ಗೆನೂ ಒಂದು ಲೇಖನ ಹಾಕಿ.”

ಮೇಷ್ಟ್ರೇ, ನೀವು ಹೇಳಿದ್ರಲ್ಲಿ ಸರಿ ಇರೋದನ್ನ ಮೊದಲು ಒಪ್ಕೊಂಡುಬಿಡ್ತೀನಿ, ಆಮೇಲೆ ಜಗಳ ಆಡೋಣ. ತಡವಾಗಿ ಮಾತು ಶುರು ಮಾಡಿದ ಎಷ್ಟೋ ಮಕ್ಕಳು ಸರಿ ಹೋಗ್ತಾರೆ, ನಿಜ. ಬ್ರಿಟನ್ನಿನ ಡೊರೊಥಿ ಬಿಷಪ್ ಮತ್ತು ಕ್ಯಾಥರೀನ್ ಆಡಮ್ಸ್ ಅನ್ನೋ ಸಂಶೋಧಕರು 1990ರಲ್ಲಿ ಇದನ್ನೇ ಬರೆದ್ರು, ಐದೂವರೆ ವರ್ಷದೊಳಗೆ ಮಾತಿನ ತೊಂದರೆ ಕಳೆದ ಮಕ್ಕಳು ಎಂಟೂವರೆಗೆ ಓದೋದ್ರಲ್ಲಿ ಹೆಚ್ಚುಕಮ್ಮಿ ಉಳಿದೋರ ಸಮಕ್ಕೇ ಇದ್ರು ಅಂತ. ಆದ್ರೆ ಕತೆ ಅಲ್ಲಿಗೆ ಮುಗೀಲಿಲ್ಲ. ಅದೇ ಮಕ್ಕಳನ್ನ ಹದಿನೈದು ಹದಿನಾರನೇ ವಯಸ್ಸಲ್ಲಿ ಮತ್ತೆ ಹುಡುಕಿ ಪರೀಕ್ಷೆ ಮಾಡಿದ ವರದಿ 1998ರಲ್ಲಿ ಬಂತು. “ಸರಿ ಹೋದ” ಮಕ್ಕಳ ಮಾತು ಚೆನ್ನಾಗೇ ಇತ್ತು, ಓದು ಬರಹದ ಪರೀಕ್ಷೇಲಿ ಮಾತ್ರ ಹಿಂದೆ ಬಿದ್ದಿದ್ರು. ಐದೂವರೆ ದಾಟಿದ ಮೇಲೂ ತೊಂದರೆ ಉಳಿದಿದ್ದ ಮಕ್ಕಳ ಪಾಡಂತೂ ಕೇಳೋದೇ ಬೇಡ.

ಈಗ ನಿಮ್ಮ ಗಣಿತಕ್ಕೇ ಬರ್ತೀನಿ. ರಾಮನ ಹತ್ರ 8 ಪೆನ್ಸಿಲ್ ಇದೆ, ಅದು ಶಾಮನ ಹತ್ರ ಇರೋದಕ್ಕಿಂತ 3 ಜಾಸ್ತಿ, ಹಾಗಾದ್ರೆ ಶಾಮನ ಹತ್ರ ಎಷ್ಟು? ನಿಮ್ಮ ಹುಡುಗ “ಜಾಸ್ತಿ” ಅನ್ನೋ ಮಾತು ಕಣ್ಣಿಗೆ ಬಿದ್ದ ಕೂಡ್ಲೇ ಕೂಡಿ 11 ಅಂತ ಬರೀತಾನೆ, ನೀವು ಕೆಂಪು ಪೆನ್ನಲ್ಲಿ ಗೀಟು ಹಾಕ್ತೀರಿ. ಎಂಟರಲ್ಲಿ ಮೂರು ಕಳೆಯೋದು ಅವನಿಗೆ ಗೊತ್ತಿಲ್ವಾ? ಚೆನ್ನಾಗೇ ಗೊತ್ತು. ಯಾರಿಗಿಂತ ಯಾರದ್ದು ಜಾಸ್ತಿ ಅಂತ ವಾಕ್ಯದೊಳಗೆ ಗಂಟು ಬಿದ್ದಿದೆಯಲ್ಲ, ಅದನ್ನ ಬಿಡಿಸೋಕೆ ಬರ್ಲಿಲ್ಲ ಅಷ್ಟೇ. ಇಂಥ ತಿರುಚಿದ ಲೆಕ್ಕಗಳನ್ನ 1987ರಲ್ಲಿ ಲೂಯಿಸ್ ಮತ್ತು ಮೇಯರ್ ಅನ್ನೋ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ರು, ನೇರವಾಗಿ ಕೇಳಿದ ಲೆಕ್ಕಕ್ಕಿಂತ ಅಲ್ಲಿ ಅವರೂ ಜಾಸ್ತಿ ಎಡವಿದ್ರು. ಕಾಲೇಜಿನೋರಿಗೇ ಹೀಗಾದ್ರೆ ಭಾಷೆ ಅರ್ಥ ಮಾಡ್ಕೊಳ್ಳೋಕೇ ಒದ್ದಾಡೋ ಒಂಬತ್ತು ವರ್ಷದ ಹುಡುಗ ಏನು ಮಾಡಬೇಕು ಹೇಳಿ. ಮಗ್ಗಿನೂ ಅಷ್ಟೇ, ನಾಲಿಗೆ ಮೇಲೆ ಕೂರಬೇಕಾದ ಸದ್ದಿನ ಸರಪಳಿ ಅದು. “ಕೆಳಗಿನವುಗಳಲ್ಲಿ ಯಾವುದು ಅಲ್ಲ” ಅನ್ನೋ ಪ್ರಶ್ನೆ ವಿಜ್ಞಾನದ್ದೋ ಭಾಷೆಯದ್ದೋ, ನೀವೇ ತೀರ್ಮಾನ ಮಾಡಿ.

ಗಡಗಡ ಓದ್ತಾನೆ ಅಂತ ಬರೆದಿದೀರಿ. ಅಲ್ಲೇ ಎಲ್ಲರೂ ಮೋಸ ಹೋಗೋದು. 1986ರಲ್ಲಿ ಗಫ್ ಮತ್ತು ಟನ್ಮರ್ ಅನ್ನೋ ಸಂಶೋಧಕರು ಒಂದು ಸೂತ್ರ ಕೊಟ್ರು, ನಿಮಗೆ ಖಂಡಿತ ಇಷ್ಟ ಆಗತ್ತೆ, ಯಾಕಂದ್ರೆ ಅದು ಗುಣಾಕಾರ. ಅಕ್ಷರ ಬಿಡಿಸೋ ಶಕ್ತಿಯನ್ನ ಮಾತು ಅರ್ಥ ಮಾಡ್ಕೊಳ್ಳೋ ಶಕ್ತಿಯಿಂದ ಗುಣಿಸಿದ್ರೆ ಬರೋದೇ ಓದಿದ್ದು ಅರ್ಥ ಆಗೋದು. ಕೂಡೋದಲ್ಲ ಮೇಷ್ಟ್ರೇ, ಗುಣಿಸೋದು! ಎರಡರಲ್ಲಿ ಒಂದು ಸೊನ್ನೆ ಆದ್ರೆ ಉತ್ತರ ಸೊನ್ನೆ. ನನ್ನ ಪರಿಚಯದ ಒಬ್ಬ ಟೀಚರ್ ಕ್ಲಾಸಲ್ಲಿ ಒಂದು ಹುಡುಗಿ ಇತ್ತು, ಇಡೀ ಪಾಠ ಬಾಯಿಪಾಠ, ಶಾಲೆಗೆ ಯಾರಾದ್ರೂ ದೊಡ್ಡೋರು ಬಂದ್ರೆ ಅವಳನ್ನೇ ಎದ್ದು ನಿಲ್ಲಿಸಿ ಓದಿಸ್ತಿದ್ರಂತೆ. ಮೊಲ ಯಾಕೆ ಓಡಿತು ಅಂದ್ರೆ ಪಾಠದ ಮೊದಲನೇ ಸಾಲಿಂದ ಮತ್ತೆ ಶುರು ಮಾಡ್ತಿದ್ಲು. ಜಾಣೆ ಅಂತ ಎಲ್ಲರೂ ಹೊಗಳಿ ಹೊಗಳಿ ಮೂರು ವರ್ಷ ಕಳೆದ್ರು.

ಇಂಥ ಮಕ್ಕಳು ಅಪರೂಪ ಅಂದ್ಕೋಬೇಡಿ. ಅಮೆರಿಕದಲ್ಲಿ ಟಾಂಬ್ಲಿನ್ ಮತ್ತು ಜೊತೆಯವರು ಶಿಶುವಿಹಾರದ ಮಕ್ಕಳನ್ನ ಪರೀಕ್ಷಿಸಿ 1997ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಬೇರೆ ಯಾವ ಕಾರಣನೂ ಇಲ್ಲದೆ ಭಾಷೆ ಕಲಿಯೋದೇ ಕಷ್ಟ ಆಗಿರೋ ಮಕ್ಕಳು ನೂರಕ್ಕೆ ಸುಮಾರು 7. ಮೂವತ್ತು ಮಕ್ಕಳ ಕ್ಲಾಸಲ್ಲಿ ಇಬ್ಬರು. ನನಗೆ ಸಂಕಟ ಆಗಿದ್ದು ಇನ್ನೊಂದು ಅಂಕಿ ನೋಡಿ. ಆ ಮಕ್ಕಳ ಪೈಕಿ ನೂರಕ್ಕೆ 29 ಮಕ್ಕಳ ತಂದೆತಾಯಿಗೆ ಮಾತ್ರ ಯಾರಾದ್ರೂ ಈ ತೊಂದರೆ ಬಗ್ಗೆ ಮೊದಲೇ ಹೇಳಿದ್ರಂತೆ. ತೊದಲಿದ್ರೆ ಉಗ್ಗಿದ್ರೆ ಎಲ್ಲರ ಕಿವಿಗೂ ಬೀಳತ್ತೆ, ಅರ್ಥ ಆಗದೆ ಸುಮ್ಮನೆ ಕೂತಿರೋ ಮಗು ಯಾರ ಕಿವಿಗೆ ಬೀಳಬೇಕು? ಅದು ಒಳ್ಳೆ ಮಗು, ಗಲಾಟೆ ಮಾಡಲ್ಲ, ಅಷ್ಟೇ. ಗಲಾಟೆ ಮಾಡಿದ್ರೆ ಉಡಾಳ.

ಹೊಸ ಹೆಸರು ಹಚ್ಚಿ ಸೋಮಾರಿತನ ಮುಚ್ತಾರೆ ಅನ್ನೋದು ನಿಮ್ಮ ಸಿಟ್ಟು. ಇದಕ್ಕೆ ಹಿಂದೆ ಊರಿಗೊಂದು ಹೆಸರಿತ್ತು, ಅದಕ್ಕೇ ಐವತ್ತಕ್ಕೂ ಹೆಚ್ಚು ತಜ್ಞರು ಚರ್ಚೆ ಮಾಡಿ 2017ರಲ್ಲಿ ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಅಂದ್ರೆ ಬೆಳೆಯೋ ವಯಸ್ಸಲ್ಲಿ ಭಾಷೆ ಕಲಿಯೋದೇ ಕಷ್ಟ ಆಗೋ ತೊಂದರೆ, ಅನ್ನೋ ಹೆಸರನ್ನ ಒಪ್ಕೊಂಡ್ರು. ಸೋಮಾರಿ, ದಡ್ಡ ಅನ್ನೋದೂ ಹೆಸರೇ ಅಲ್ವಾ ಮೇಷ್ಟ್ರೇ, ಅದನ್ನ ಹಚ್ಚೋಕೆ ನಾವು ಯಾವ ತಜ್ಞರನ್ನೂ ಕೇಳಲಿಲ್ಲ. ಇನ್ನು ಮನೇಲಿ ಎರಡು ಭಾಷೆ ಮಾತಾಡಿದ್ದಕ್ಕೆ ಹೀಗಾಯ್ತು ಅಂತ ಅಮ್ಮಂದಿರನ್ನ ಬೈಯೋರೂ ಇದಾರೆ, ಅದು ಶುದ್ಧ ಸುಳ್ಳು. ಎರಡು ಭಾಷೆಯಿಂದ ಈ ತೊಂದರೆ ಹುಟ್ಟಲ್ಲ, ನಿಜವಾಗಿ ತೊಂದರೆ ಇದ್ರೆ ಎರಡರಲ್ಲೂ ಕಾಣತ್ತೆ.

ನನ್ನ ಹಳೇ ಹೊಟ್ಟೆಉರಿ ಒಂದಿದೆ, ಕೆದಕಿದೀರಿ, ಕೇಳಿ. ಕೈ ಕಟ್ಟು ಬಾಯಿ ಮುಚ್ಚು ಅನ್ನೋದನ್ನೇ ನಾವು ಶಿಸ್ತು ಅಂತ ಕರೀತೀವಿ. ಮೇರಿ ಬಡ್ ರೋ ಅನ್ನೋ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ಕ್ಲಾಸುಗಳ ಟೇಪ್ ಕೇಳಿ ಅಳತೆ ಹಾಕಿದ್ರು, ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಕಾಯ್ತಿದ್ದದ್ದು ಸುಮಾರು ಒಂದು ಸೆಕೆಂಡು. ಅದನ್ನ ಮೂರು ಸೆಕೆಂಡಿಗೆ ಎಳೆದಾಗ ಮಕ್ಕಳ ಉತ್ತರ ಉದ್ದ ಆಯ್ತು, ಬಾಯೇ ಬಿಡದೋರು ಮಾತಾಡಿದ್ರು. ಎರಡು ಸೆಕೆಂಡು, ಖರ್ಚಿಲ್ಲ, ಬಿಲ್ಡಿಂಗ್ ಬೇಡ, ಸ್ಮಾರ್ಟ್ ಬೋರ್ಡ್ ಬೇಡ, ಅದಕ್ಕೇ ಇರಬೇಕು ಯಾರೂ ಉದ್ಘಾಟನೆಗೆ ಬರಲ್ಲ. ಪ್ರಶ್ನೆಪತ್ರಿಕೆ ತೆಗೆಯೋರದ್ದು ಇನ್ನೊಂದು ಅವತಾರ. ಒಂದೇ ವಾಕ್ಯದಲ್ಲಿ ನಾಲ್ಕು ಷರತ್ತು ತುರುಕಿ ಕೊನೇಲಿ “ಅಲ್ಲದಿದ್ದಲ್ಲಿ” ಅಂತ ಸೇರಿಸಿ ಮಗುವಿನ ಗಣಿತ ಅಳೆದ್ವಿ ಅಂತಾರೆ. ಬ್ಯಾಂಕಿನ ಫಾರ್ಮ್ ಬರೆಯೋರೂ ಇವರೇ ಇರಬೇಕು ಅನ್ನೋ ಅನುಮಾನ ನನಗೆ ಮುಂಚಿಂದ ಇದೆ.

ಅಪ್ಪ ಅಮ್ಮನಿಗೆ ಹೇಳಿ, ಮೊದಲು ಹುಡುಗನ ಕಿವಿ ಪರೀಕ್ಷೆ ಮಾಡಿಸಲಿ, ಕಿವಿಯೊಳಗೆ ನೀರು ಕಟ್ಕೊಂಡು ಅರ್ಧಂಬರ್ಧ ಕೇಳಿಸೋ ಮಕ್ಕಳೂ ಇದಾರೆ. ಆಮೇಲೆ ಸ್ಪೀಚ್ ಥೆರಪಿಸ್ಟ್ ಹತ್ರ ಹೋಗಲಿ, ಉಚ್ಚಾರಣೆ ಸರಿ ಇದೆ ಅಂತ ವಾಪಸ್ ಬರಬಾರದು, ಅರ್ಥ ಆಗೋದನ್ನೂ ಪರೀಕ್ಷಿಸಿ ಅಂತ ಬಾಯಿಬಿಟ್ಟು ಕೇಳಲಿ. ನೀವು ಲೆಕ್ಕ ಕೊಡೋವಾಗ ವಾಕ್ಯ ಒಡೆದು ಹೇಳಿ, ಚಿತ್ರ ಬರೆಸಿ, ಉತ್ತರಕ್ಕೆ ಮುಂಚೆ ಲೆಕ್ಕ ಏನು ಕೇಳ್ತಿದೆ ಅನ್ನೋದನ್ನ ಅವನ ಮಾತಲ್ಲೇ ಹೇಳಿಸಿ. ಇಷ್ಟು ವರ್ಷ ಕೂಡೋದು ಕಳೆಯೋದು ಕಲಿಸಿದೋರು ನೀವು, ಇದು ನಿಮ್ಮ ಕೈಲಿ ಆಗದ ಕೆಲಸ ಅಲ್ಲ.

ಹ್ಯಾಂಡ್‌ರೈಟಿಂಗ್ ಲೇಖನ ಸದ್ಯಕ್ಕೆ ಹಾಕಲ್ಲ, ಬೇಜಾರಾಗಬೇಡಿ.

- ಸಂ.