ಮಾರಿದ ಸೈಟು ಇನ್ನೂ ಉಯಿಲಿನಲ್ಲಿದೆ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 71. 2011ರಲ್ಲಿ ಉಯಿಲು ಬರೆದು ರಿಜಿಸ್ಟರ್ ಮಾಡಿಸಿದ್ದೆ. ನಾವಿರುವ ಮನೆ ಮಗನಿಗೆ, ಊರಾಚೆಯ ಸೈಟು ಮಗಳಿಗೆ, ಬ್ಯಾಂಕಿನ ಹಣ ಹೆಂಡತಿಗೆ. ಅದರಲ್ಲಿರುವುದು ಇಷ್ಟೇ. ಎಲ್ಲವೂ ನನ್ನ ಸಂಬಳದಲ್ಲಿ ಮಾಡಿದ್ದು. 2018ರಲ್ಲಿ ಸೈಟು ಮಾರಿ, ಮೈಸೂರಿನಲ್ಲಿ ನನ್ನ ಹೆಸರಿಗೆ ಸಣ್ಣ ಫ್ಲ್ಯಾಟ್ ತೆಗೆದುಕೊಂಡೆ. 2021ರಲ್ಲಿ ಕೊರೊನಾದಿಂದ ಮಗ ಹೋದ. ಸೊಸೆ ಮತ್ತು ಹತ್ತು ವರ್ಷದ ಮೊಮ್ಮಗಳು ನಮ್ಮ ಜೊತೆಯಲ್ಲೇ ಇದ್ದಾರೆ. ರಿಜಿಸ್ಟರ್ ಆದ ಉಯಿಲನ್ನು ಬದಲಾಯಿಸಲು ಬರುವುದಿಲ್ಲ ಅಂತ ಗೆಳೆಯರೊಬ್ಬರು ಹೇಳುತ್ತಾರೆ. ಸೊಸೆ ಮರುಮದುವೆಯಾದರೆ ಮನೆಯ ಗತಿ ಏನು ಅನ್ನುವ ಚಿಂತೆ ನನ್ನ ಹೆಂಡತಿಗೆ. ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಮೇಷ್ಟ್ರೇ, ಮಗನನ್ನು ಕಳೆದುಕೊಂಡ ಮನೆಯಲ್ಲಿ ಇಂಥ ಕಾಗದ ತೆಗೆದು ಓದುವುದೇ ಕಷ್ಟ. ಆದರೂ ಓದಿದ್ದೀರಿ, ಒಳ್ಳೆಯದಾಯಿತು.

ನಿಮ್ಮ ಗೆಳೆಯರು ಹೇಳಿದ್ದು ತಪ್ಪು. ರಿಜಿಸ್ಟರ್ ಆಗಿರಲಿ, ಬಿಡಲಿ, ನೀವು ಬದುಕಿರುವವರೆಗೆ ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಸರಿಯಾಗಿ ಬರೆದ ಕೊನೆಯ ಉಯಿಲೇ ಊರ್ಜಿತ.

ಈಗಿನ ಉಯಿಲು ಹಾಗೇ ಉಳಿದರೆ ಏನಾಗುತ್ತದೆ ನೋಡಿ. ಮಗ ಇಲ್ಲ ಎಂದು ಮನೆ ತಾನಾಗಿ ಮಗಳ ಕಡೆಗೆ ಬರುವುದಿಲ್ಲ. ಉಯಿಲಿನಲ್ಲಿ ಹೆಸರಿರುವ ಮಗ ಅಥವಾ ಮಗಳು ಮೊದಲೇ ತೀರಿಕೊಂಡು, ಅವರಿಗೆ ಮಕ್ಕಳಿದ್ದರೆ, ಆ ಪಾಲು ರದ್ದಾಗುವುದಿಲ್ಲ. ನೀವು ಹೋದ ಮರುಕ್ಷಣ ಮಗ ಹೋದ ಎಂದೇ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಲೆಕ್ಕ ಹಿಡಿಯುತ್ತದೆ. ಮಗ ಉಯಿಲು ಬರೆದಿರದಿದ್ದರೆ ಮನೆ ಅವನ ವಾರಸುದಾರರಿಗೆ, ಅಂದರೆ ಸೊಸೆ, ಮೊಮ್ಮಗಳು ಮತ್ತು ತಾಯಿಯಾದ ನಿಮ್ಮ ಹೆಂಡತಿಗೆ, ಸಮನಾಗಿ ಮೂರು ಪಾಲು.

ಮಗಳ ವಿಷಯ ನನಗೆ ಇನ್ನೂ ಜಾಸ್ತಿ ಸಂಕಟ ತರುತ್ತದೆ. ಉಯಿಲಿನಲ್ಲಿ ಬರೆದ ಆಸ್ತಿ ನೀವು ಹೋಗುವ ಹೊತ್ತಿಗೆ ನಿಮ್ಮದಾಗಿರದಿದ್ದರೆ ಆ ಸಾಲಿಗೆ ಬೆಲೆಯಿಲ್ಲ. ಸೈಟಿನ ದುಡ್ಡಲ್ಲೇ ಫ್ಲ್ಯಾಟ್ ಬಂತು ಎಂದು ಮಗಳು ಕೇಳುವಂತಿಲ್ಲ. ಫ್ಲ್ಯಾಟಿನ ಮಾತು ಉಯಿಲಿನಲ್ಲಿ ಇಲ್ಲ. ‘ಉಳಿದದ್ದೆಲ್ಲ ಇಂಥವರಿಗೆ’ ಎಂಬ ಸಾಲೂ ಇಲ್ಲ. ಹಾಗಾಗಿ ಅದು ಉಯಿಲೇ ಇಲ್ಲದ ಆಸ್ತಿಯಂತೆ ಭಾಗವಾಗುತ್ತದೆ: ಹೆಂಡತಿಗೊಂದು, ಮಗಳಿಗೊಂದು, ಸೊಸೆ ಮೊಮ್ಮಗಳು ಇಬ್ಬರಿಗೂ ಸೇರಿ ಒಂದು. ಒಂದು ಪೂರ್ತಿ ಸೈಟು ಕೊಡಬೇಕೆಂದುಕೊಂಡ ಮಗಳಿಗೆ ಫ್ಲ್ಯಾಟಿನ ಮೂರನೇ ಒಂದು ಪಾಲು!

ಇದು ನಮ್ಮ ಮನೆಯಲ್ಲೂ ಆಗಿದೆ. ಅಪ್ಪ ತಂಗಿಗೆಂದು ಒಂದು ಎಕರೆ ಅಡಿಕೆ ತೋಟ ಬರೆದಿದ್ದರು. ಅವಳ ಮದುವೆಗೇ ಆ ತೋಟ ಮಾರಿದರು, ಉಯಿಲು ಮಾತ್ರ ತಿದ್ದಲಿಲ್ಲ. ಅಪ್ಪ ಹೋದ ಮೇಲೆ ಆ ಸಾಲು ಓದಿ ತಂಗಿ ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋದಳು. ನಾವು ಅಣ್ಣ ತಂಗಿಯರು ಕೂತು ಸರಿ ಮಾಡಿಕೊಂಡೆವು. ಆದರೆ ಆ ದಿನ ನನಗೆ ಮರೆತಿಲ್ಲ.

ಸೊಸೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ನಿಮ್ಮ ನಂತರ ಅವಳ ಕೈಗೆ ಬಂದ ಪಾಲನ್ನು, ಆಮೇಲೆ ಮರುಮದುವೆಯಾದಳು ಎಂದು ಯಾರೂ ಕಿತ್ತುಕೊಳ್ಳುವಂತಿಲ್ಲ. ಹಾಗಿರುವುದೇ ನ್ಯಾಯ ಎಂದು ನನ್ನ ನಂಬಿಕೆ. ನಿಮ್ಮ ಹೆಂಡತಿಯ ಚಿಂತೆ ಮೊಮ್ಮಗಳ ಬಗ್ಗೆಯಾದರೆ ಬೇರೆ ದಾರಿಯಿದೆ. ಮನೆಯನ್ನು ನೇರವಾಗಿ ಮೊಮ್ಮಗಳ ಹೆಸರಿಗೆ ಬರೆಯಿರಿ. ಅವಳಿಗೆ 18 ತುಂಬುವವರೆಗೆ ಕೋರ್ಟಿನ ಅನುಮತಿ ಇಲ್ಲದೆ ತಾಯಿಯೂ ಅದನ್ನು ಮಾರುವಂತಿಲ್ಲ. ಹೆಂಡತಿಗೂ ಸೊಸೆಗೂ ಅಲ್ಲಿ ವಾಸದ ಹಕ್ಕು ಕೊಡಿ. ಆದರೆ ಆ ಸಾಲನ್ನು ಊರಿನ ಒಳ್ಳೆಯ ಸಿವಿಲ್ ವಕೀಲರ ಹತ್ತಿರವೇ ಬರೆಸಿ. ಹೆಂಡತಿಗೆ ಜೀವನಾಂಶದ ಬದಲಿಗೆ ಕೊಟ್ಟದ್ದು ಎಂದಾದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನಡಿ ಅದು ಪೂರ್ಣ ಒಡೆತನವೇ ಆಗಿಬಿಡಬಹುದು. ಇದರ ಮೇಲೆ ಸುಪ್ರೀಂ ಕೋರ್ಟಿನವರೆಗೂ ಹೋದ ಕೇಸುಗಳಿವೆ.

ಹಳೆಯದಕ್ಕೆ ತಿದ್ದುಪಡಿ ಸೇರಿಸುವುದು ಬೇಡ. ಇಷ್ಟೆಲ್ಲ ಬದಲಾದ ಮೇಲೆ ಹೊಸದೇ ಬರೆಯಿರಿ. 2011ರ ಉಯಿಲಿನ ತಾರೀಖು, ದಸ್ತಾವೇಜು ನಂಬರ್ ಹಾಕಿ ‘ಅದನ್ನು ರದ್ದು ಮಾಡಿದ್ದೇನೆ’ ಎಂದು ಮೊದಲ ಪುಟದಲ್ಲೇ ಬರಲಿ. ಫ್ಲ್ಯಾಟಿನ ವಿವರ ಕ್ರಯಪತ್ರ ನೋಡಿಕೊಂಡು ಬರೆಯಿರಿ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ನೀವು ಸಹಿ ಹಾಕುವುದನ್ನು ಇಬ್ಬರು ಸಾಕ್ಷಿಗಳು ನೋಡಬೇಕು, ಅವರೂ ನಿಮ್ಮೆದುರೇ ಸಹಿ ಹಾಕಬೇಕು. ಪಾಲು ಪಡೆಯುವವರು ಸಾಕ್ಷಿ ಆಗದಿರಲಿ. ನಿಮಗಿಂತ ಚಿಕ್ಕವರನ್ನೇ ಹುಡುಕಿ, ನಾಳೆ ಕೋರ್ಟಿಗೆ ಬಂದು ಹೇಳಬೇಕಾದವರು ಅವರು. ರಿಜಿಸ್ಟ್ರೇಷನ್ ಕಡ್ಡಾಯವಲ್ಲ, ಆದರೆ ನೀವು ಮಾಡಿಸಿ.

ಬ್ಯಾಂಕಿನ ಠೇವಣಿಗೆ ಇನ್ನೂ ಮಗನೇ ನಾಮಿನಿ ಆಗಿದ್ದಾನಾ? ಈ ವಾರವೇ ಹೋಗಿ ನೋಡಿ. 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಠೇವಣಿಯಲ್ಲಿ ನಾಮಿನಿ ಹಣ ತೆಗೆದುಕೊಳ್ಳುವವನು ಮಾತ್ರ, ಒಡೆಯನಲ್ಲ. ಆದರೂ ಉಯಿಲಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಅಂತಾದರೆ ಸುಮ್ನೆ ಜಗಳಕ್ಕೆ ದಾರಿ.

ಬರೆಯುವ ಮುಂಚೆ ಮಗಳನ್ನೂ ಸೊಸೆಯನ್ನೂ ಒಟ್ಟಿಗೆ ಕೂರಿಸಿ ನಿಮ್ಮ ಮನಸ್ಸಿನಲ್ಲಿರುವುದನ್ನು ಹೇಳಿ. ಹಳೆಯ ಉಯಿಲನ್ನು ಹೊಸದಕ್ಕೆ ಸಹಿ ಬೀಳುವವರೆಗೆ ಹರಿಯಬೇಡಿ.