ಲಿಬರ್ಟೇರಿಯನ್ ವಾದದ ಮೇಲೆ ನಂಬಿಕೆ ಹೋಗುತ್ತಿದೆ. ಈಗ ಸಮಾಜವಾದಿ ಆಗಬೇಕಾ?

ಬೇಡ, ಏನೂ ಆಗಬೇಡಿ. "ನನ್ನ ಆಸ್ತಿ ಪೂರ್ತಿ ನನ್ನದು, ಸರ್ಕಾರ ಮೂಗು ತೂರಿಸಬಾರದು ಅಂತಿದ್ದೆ, ಈಗ ಅನುಮಾನ" ಅಂತ ಬರೆದಿದ್ದೀರಿ. ಲಿಬರ್ಟೇರಿಯನ್ ವಾದ ಅಂದರೆ ಇದೇ: ವ್ಯಕ್ತಿಯ ಸ್ವಾತಂತ್ರ್ಯ, ಆಸ್ತಿ ಹಕ್ಕು ಮೊದಲು, ಸರ್ಕಾರ ಆದಷ್ಟು ಕಡಿಮೆ. ನಾನೂ ಹಾಗೇ ಇದ್ದವನು.

ನಮ್ಮದು ಹೊಳಲ್ಕೆರೆ ಕಡೆ. ಬೆಂಗಳೂರಿನಲ್ಲಿದ್ದಾಗ ಇಂಗ್ಲೆಂಡಿನ ಲಾಕ್, ಅಮೆರಿಕದ ನೋಜಿಕ್ ಅಂತ ಆಸ್ತಿ ಹಕ್ಕಿನ ಪರ ಬರೆದ ಚಿಂತಕರನ್ನು ಓದಿ ತಲೆ ತುಂಬಿಸಿಕೊಂಡಿದ್ದೆ. ಕೆಲಸ ಬಿಟ್ಟು ಊರಿಗೆ ಬಂದು ಅಡಿಕೆ ಹಾಕಿದೆ. ಬೋರ್ ಕೊರೆಸಿದೆ, ಮೂರಿಂಚು ನೀರು ಬಿತ್ತು. ಆಗ ಪಕ್ಕದ ಹೊಲದ ಅಣ್ಣ ಬಂದು, "ನೋಡಪ್ಪ, ಈ ಸಾಲಲ್ಲಿ ಇನ್ಯಾರೂ ಕೊರೆಸೋದು ಬೇಡ. ಇರೋದನ್ನೇ ಸರದಿ ಮೇಲೆ ಬಿಟ್ಕೊಳ್ಳೋಣ, ಒಂದು ಪತ್ರ ಮಾಡ್ಕೊಳ್ಳೋಣ" ಅಂದರು. "ಅಣ್ಣ, ನನ್ನ ಜಮೀನು, ನನ್ನ ನೀರು. ನಿಮ್ಮ ಜಮೀನಲ್ಲಿ ನೀವು ಎಷ್ಟಾದ್ರೂ ಕೊರೆಸ್ಕೊಳ್ಳಿ" ಅಂತ ಹೇಳಿ ಕಾಫಿ ಕೊಟ್ಟು ಕಳಿಸಿದೆ.

ನಾನು ಕೆಟ್ಟಿದ್ದು ಇಲ್ಲೇ. ಅಡಿಕೆ ಹಾಕಿ ಅಲ್ಲ, ಬೋರ್ ಕೊರೆಸಿಯೂ ಅಲ್ಲ, ಆ ಪತ್ರಕ್ಕೆ ಸಹಿ ಹಾಕದೆ. ಕಾನೂನು ನನ್ನ ಕಡೆಗೇ ಇತ್ತು. ಬ್ರಿಟಿಷರ ಕಾಲದ 1882ರ ಈಸ್‌ಮೆಂಟ್ಸ್ ಕಾಯ್ದೆ ಪ್ರಕಾರ ನೆಲದಡಿಯ ನೀರನ್ನು ಜಮೀನಿನ ಮಾಲೀಕ ಎತ್ತಬಹುದು. ಆದರೆ ನಮ್ಮಲ್ಲಿ ಕೆಳಗೆ ಗಟ್ಟಿ ಕಲ್ಲು. ನೀರು ಅದರ ಬಿರುಕಿನಲ್ಲಿ ಓಡುತ್ತದೆ, ಮೇಲಿನ ಬದು ಅದಕ್ಕೇನು ಗೊತ್ತು? ಒಂದೇ ಎಳನೀರಿಗೆ ಇಬ್ಬರು ಕೊಳವೆ ಹಾಕಿದ ಹಾಗೆ. ನನ್ನ ಮೋಟಾರ್ ಶುರುವಾದ ಮೇಲೆ ಅವರ ಬೋರ್ ಬತ್ತಿತು. ಅವರು ಆಳಕ್ಕೆ ಹೋದರು, ನನ್ನದು ಬತ್ತಿತು. ನಾನು ಸಾಲ ಮಾಡಿ ಇನ್ನೂ ಆಳಕ್ಕೆ ಹೋದೆ. ರಿಗ್ ಬೆಳಗಿನ ಜಾವದವರೆಗೂ ಬರೀ ಬಿಳಿ ಪುಡಿ ಎತ್ತಿ ಹಾಕಿತು. ಮನೆಯವರ ತಲೆ, ಬೈಕಿನ ಸೀಟು, ಎಲ್ಲ ಬಿಳಿ. ಇಬ್ಬರೂ ಕದ್ದಿಲ್ಲ, ಮೋಸ ಮಾಡಿಲ್ಲ, ನಮ್ಮ ನಮ್ಮ ಹಕ್ಕು ಚಲಾಯಿಸಿದ್ದೇವೆ ಅಷ್ಟೇ. ಇಬ್ಬರ ತೋಟವೂ ಒಣಗಿತು. ಇನ್ನೊಂದು ತಮಾಷೆ: ಸರ್ಕಾರ ದೂರ ಇರಲಿ ಅಂತಿದ್ದ ನನ್ನ ಮೋಟಾರ್ ಓಡುತ್ತಿದ್ದದ್ದು ಸರ್ಕಾರದ ಫ್ರೀ ಕರೆಂಟಿನಲ್ಲಿ!

ಸಾಲಕ್ಕೆ ಅಂತ ಅಪ್ಪ ಹಳೇ ಕಾಗದಪತ್ರ ತೆಗೆದಾಗ ಇನ್ನೊಂದು ಗೊತ್ತಾಯಿತು. ಆ ಜಮೀನು ತಾತ ಕೊಂಡಿದ್ದಲ್ಲ. ಧಣಿಗಳ ಜಮೀನನ್ನು ಗೇಣಿಗೆ ಮಾಡುತ್ತಿದ್ದರು. ಉಳುವವನಿಗೇ ಹೊಲ ಅನ್ನುವ 1974ರ ಭೂ ಸುಧಾರಣಾ ತಿದ್ದುಪಡಿ ಬಂದಾಗ ಗೇಣಿದಾರರ ಅರ್ಜಿ ಫಾರಂ 7 ಹಾಕಿ, ಭೂ ನ್ಯಾಯಮಂಡಳಿಗೆ ಅಲೆದು ಪಡೆದಿದ್ದು. ಅಂದರೆ ಸರ್ಕಾರ ಇನ್ನೊಬ್ಬರ ಹೆಸರು ಹೊಡೆದು ನಮ್ಮ ಹೆಸರು ಬರೆದ ಪಹಣಿ ಅದು. ನೋಜಿಕ್ ಪುಸ್ತಕ ಅಮೆರಿಕದಲ್ಲಿ ಬಂದಿದ್ದೂ 1974ರಲ್ಲೇ. ಮಾಲೀಕ ತಾನಾಗಿ ಕೊಟ್ಟರೆ ಮಾತ್ರ ಆಸ್ತಿ ಕೈ ಬದಲಾಗಬಹುದು ಅನ್ನುವ, ನಾನು ಓದಿಕೊಂಡಿದ್ದ ಲೆಕ್ಕದಲ್ಲಿ ತಾತ ಕಳ್ಳ! ಆದರೆ ಆ ಧಣಿಗಳಿಗೆ ಜಮೀನು ಎಲ್ಲಿಂದ ಬಂತು, ಅದನ್ನು ಉತ್ತವರು ಯಾರು ಅಂತ ಕೇಳಿದರೆ ಆ ಲೆಕ್ಕವೇ ನಿಲ್ಲುವುದಿಲ್ಲ.

ಅದಕ್ಕೇ "ಬಂಡವಾಳಶಾಹಿನಾ, ಸಮಾಜವಾದನಾ" ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ಅಡಿಕೆ ಮಾರಲು ನನಗೂ ಮಂಡಿ ಬೇಕು, ವ್ಯಾಪಾರ ಬೇಡ ಅನ್ನುವುದಿಲ್ಲ. ಸುಮ್ನೆ ಪಕ್ಷ ಬದಲಿಸುವ ಮೊದಲು ನಿಮ್ಮ ಮನೆಯ ಹಳೇ ಆಸ್ತಿ ಪತ್ರ ಓದಿ. ನೋಜಿಕ್‌ರನ್ನೂ ಬಿಸಾಡಬೇಡಿ. ಮರುಭೂಮಿಯಲ್ಲಿರುವ ಒಂದೇ ಒಂದು ನೀರಿನ ಗುಂಡಿಯನ್ನು ತನ್ನದು ಮಾಡಿಕೊಂಡು ಬಾಯಿಗೆ ಬಂದ ರೇಟು ಹೇಳುವ ಹಾಗಿಲ್ಲ ಅಂತ ಅವರೇ ಬರೆದಿದ್ದಾರೆ. ಅದನ್ನು ನಾನು ಓದಿದ್ದೆ. ಹೊಳಲ್ಕೆರೆ ಮರುಭೂಮಿ ಅಲ್ವಲ್ಲ ಅಂತ ಪುಟ ತಿರುಗಿಸಿದ್ದೆ.