1991ರಲ್ಲಿ ತೀರಿಹೋದ ಅಜ್ಜನ ಮರಣ ಪ್ರಮಾಣಪತ್ರದ ದೃಢೀಕೃತ ನಕಲು ಕೊಡಗಿನಲ್ಲಿ ಎಲ್ಲಿ ಸಿಗುತ್ತದೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಅಜ್ಜ 1991ರ ಕೊನೆಗೆ ಶ್ರೀಮಂಗಲ ಹೋಬಳಿಯ ತೋಟದ ಮನೆಯಲ್ಲಿ ತೀರಿಕೊಂಡರು. ಆಗ ತೆಗೆದಿಟ್ಟ ಪ್ರಮಾಣಪತ್ರ ಮಳೆನೀರಿಗೆ ನೆನೆದು ಹಾಳಾಗಿದೆ. ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಈಗ ದೃಢೀಕೃತ ನಕಲು ಕೇಳುತ್ತಿದ್ದಾರೆ. ನೀವಿರುವುದು ಬೆಂಗಳೂರಿನಲ್ಲಿ. ಇರುವ ಜೆರಾಕ್ಸಿಗೆ ನೋಟರಿ ಸಹಿ ಹಾಕಿಸಿದರೆ ಸಾಕೇ, ಇಲ್ಲದಿದ್ದರೆ ಯಾವ ಕಚೇರಿಗೆ ಹೋಗಬೇಕು?

ಸಾಲದು. ನೋಟರಿಯಾಗಲಿ ಗೆಜೆಟೆಡ್ ಅಧಿಕಾರಿಯಾಗಲಿ ಹೇಳುವುದು ‘ಈ ಜೆರಾಕ್ಸು ತೋರಿಸಿದ ಕಾಗದದಂತೆಯೇ ಇದೆ’ ಎಂದಷ್ಟೇ. ನಿಮ್ಮಲ್ಲಿ ತೋರಿಸಲು ಮೂಲ ಕಾಗದವೇ ಸರಿಯಾಗಿಲ್ಲ. ದೃಢೀಕೃತ ನಕಲು ಎಂದರೆ ಮರಣ ರಿಜಿಸ್ಟರಿನಲ್ಲಿರುವ ಆ ಒಂದು ಸಾಲಿನಿಂದ ನೋಂದಣಾಧಿಕಾರಿಯೇ ತೆಗೆದು ಸಹಿ ಮಾಡಿ ಕೊಡುವ ಉದ್ಧೃತ. ಹಾಗಾಗಿ ಕಾಗದ ಹಾಳಾಯಿತೆಂದು ಚಿಂತೆ ಬೇಡ. ಆ ಸಾಲು ಯಾವ ಪುಸ್ತಕದಲ್ಲಿದೆ, ಆ ಪುಸ್ತಕ ಯಾವ ಕಚೇರಿಯ ಬೀರುವಿನಲ್ಲಿದೆ ಎಂದು ಪತ್ತೆಯಾದರೆ ಮುಕ್ಕಾಲು ಕೆಲಸ ಮುಗಿದಂತೆ.

ಹಾಳಾದ ಕಾಗದವನ್ನು ಎಸೆಯಬೇಡಿ. ಒಣಗಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಶಾಯಿ ಹೋಗಿದ್ದರೂ ಬಾಲ್ ಪೆನ್ ಒತ್ತಿದ ಗೆರೆ ಎಷ್ಟೋ ಸಲ ಕಾಣುತ್ತದೆ. ಬೇಕಾಗಿರುವುದು ಎರಡೇ: ನೋಂದಣಿ ಸಂಖ್ಯೆ, ನೋಂದಣಿ ದಿನಾಂಕ. ಅಲ್ಲಿ ಸಿಗದಿದ್ದರೆ ಅಜ್ಜ ತೀರಿದಾಗ ಪ್ರಮಾಣಪತ್ರ ಕೊಟ್ಟಿದ್ದ ಜಾಗಗಳನ್ನು ನೆನಪಿಸಿಕೊಳ್ಳಿ. ಪಿಂಚಣಿ ಕಡತ, ಎಲ್‌ಐಸಿ ಕ್ಲೇಮು, ಬ್ಯಾಂಕು, ಊರಿನ ಸಹಕಾರ ಸಂಘದಲ್ಲಿ ಅಜ್ಜನ ಷೇರು ವರ್ಗಾಯಿಸಿದ ಅರ್ಜಿ, ಇವುಗಳಲ್ಲಿ ಎಲ್ಲೋ ಒಂದು ಕಡೆ ನಕಲು ಉಳಿದಿರುತ್ತದೆ.

ಇನ್ನು ಕಚೇರಿ. ಮರಣ ನೋಂದಣಿಯಾಗುವುದು ಸತ್ತ ಜಾಗದಲ್ಲಿ, ವಾಸದ ಊರಿನಲ್ಲಲ್ಲ. ಕೊಡಗಿನವರು ಹೆಚ್ಚು ಎಡವುವುದು ಇಲ್ಲೇ. ಕಾಯಿಲೆ ಜೋರಾದರೆ ಮೈಸೂರಿಗೋ ಮಂಗಳೂರಿಗೋ ಕರೆದೊಯ್ಯುವುದು ರೂಢಿ. ಅಲ್ಲಿ ಪ್ರಾಣ ಹೋದರೆ ಸಂಸ್ಕಾರ ನಮ್ಮ ಜಾಗದಲ್ಲೇ ಆದರೂ ನೋಂದಣಿ ಅಲ್ಲಿಯದೇ. ದಾರಿಯಲ್ಲಿ, ವಾಹನದಲ್ಲೇ ಹೋದರೆ ವಾಹನದ ಹೊಣೆ ಹೊತ್ತವರು ಮೊದಲು ನಿಲ್ಲಿಸಿದ ಜಾಗದಲ್ಲಿ ತಿಳಿಸಬೇಕೆಂಬುದು ನಿಯಮ. ಕುಟ್ಟದ ಕಡೆಯಿಂದ ವಯನಾಡಿನ ಆಸ್ಪತ್ರೆಗೆ ಹೋಗಿ ಅಲ್ಲಿ ತೀರಿಕೊಂಡಿದ್ದರೆ ಕೇರಳದ ಸ್ಥಳೀಯ ಸಂಸ್ಥೆಯಲ್ಲಿ ಹುಡುಕಬೇಕು, ಕರ್ನಾಟಕದ ಪುಸ್ತಕ ತಿರುವಿ ಪ್ರಯೋಜನವಿಲ್ಲ. ‘ಮನೆಯಲ್ಲೇ ಹೋದರು’ ಎಂಬುದನ್ನು ಹಿರಿಯರೊಬ್ಬರಲ್ಲಿ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಮನೆಯಲ್ಲೇ ಎಂದಾದರೆ ಆ ಕಾಲದಲ್ಲಿ ಗ್ರಾಮ ಲೆಕ್ಕಿಗರು ಬರೆದುಕೊಂಡ ಹಳೆಯ ರಿಜಿಸ್ಟರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರಬೇಕು. ಇಲ್ಲೊಂದು ತೊಡಕಿದೆ. 1991ರಲ್ಲಿ ಪೊನ್ನಂಪೇಟೆ ತಾಲ್ಲೂಕೇ ಇರಲಿಲ್ಲ, ಈಗ ಅದರಲ್ಲಿರುವ ಶ್ರೀಮಂಗಲ ಹೋಬಳಿ ಆಗ ವಿರಾಜಪೇಟೆ ತಾಲ್ಲೂಕಿನದು. ಮೊದಲು ಪೊನ್ನಂಪೇಟೆಯಲ್ಲಿ ಕೇಳಿ, ಅಲ್ಲಿಲ್ಲವೆಂದರೆ ವಿರಾಜಪೇಟೆ. ಒಂದು ಕಡೆ ‘ಇಲ್ಲ’ ಎಂದದ್ದನ್ನೇ ಕೊನೆಯ ಮಾತೆಂದು ತಿಳಿದು ವಾಪಸು ಬರಬೇಡಿ. ಕುಶಾಲನಗರ, ಸುಂಟಿಕೊಪ್ಪ ಕಡೆಯವರು ಇದೇ ಲೆಕ್ಕದಲ್ಲಿ ಸೋಮವಾರಪೇಟೆಯನ್ನೂ ನೋಡಬೇಕು. ಜನನ ಮರಣ ನೋಂದಣಿಯ ಇ-ಜನ್ಮ ತಂತ್ರಾಂಶದಲ್ಲಿ ಹೆಸರು ಬರಲಿಲ್ಲ ಎಂದ ಮಾತ್ರಕ್ಕೂ ನೋಂದಣಿಯಾಗಿಲ್ಲ ಎಂದಲ್ಲ. ಹಳೆಯ ನಮೂದನ್ನು ಪುಸ್ತಕದಿಂದ ಅದಕ್ಕೆ ಏರಿಸಿದ ಮೇಲಷ್ಟೇ ಡಿಜಿಟಲ್ ಸಹಿಯ ಪ್ರತಿ ಬರುತ್ತದೆ.

ಅರ್ಜಿಯಲ್ಲಿ ಸತ್ತವರ ಹೆಸರು, ತಂದೆಯ ಅಥವಾ ಗಂಡ/ಹೆಂಡತಿಯ ಹೆಸರು, ಗ್ರಾಮ, ಮನೆ ಅಥವಾ ತೋಟದ ಹೆಸರು, ಮರಣದ ದಿನಾಂಕ, ಎಷ್ಟು ಪ್ರತಿ ಬೇಕು ಎಂದು ಬರೆಯಿರಿ. ಜೊತೆಗೆ ನಿಮ್ಮ ಆಧಾರ್ ಪ್ರತಿ, ಹಾಳಾದ ಪ್ರಮಾಣಪತ್ರದ ಫೋಟೊ. ಹುಡುಕುವುದಕ್ಕೊಂದು ಶುಲ್ಕ, ಪ್ರತಿಗೊಂದು ಶುಲ್ಕ. ಎರಡೂ ಸಣ್ಣ ಮೊತ್ತವೇ. ರಶೀದಿ ಇಲ್ಲದೆ ದುಡ್ಡು ಕೊಡಬೇಡಿ, ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ದಿನಾಂಕ ಹಾಕಿಸಿಕೊಳ್ಳಿ. ಜನನ ಮರಣ ನೋಂದಣಿ ಕಾಯ್ದೆ, 1969ರ 17ನೇ ಸೆಕ್ಷನ್ ಪ್ರಕಾರ ರಿಜಿಸ್ಟರಿನಲ್ಲಿ ಹುಡುಕಿಸಿ ಪ್ರತಿ ಪಡೆಯಲು ಯಾರು ಬೇಕಾದರೂ ಅರ್ಜಿ ಹಾಕಬಹುದು. ಆದ್ದರಿಂದ ಊರಿನಲ್ಲಿರುವ ಚಿಕ್ಕಪ್ಪನೋ ಅತ್ತೆಯೋ ಹೋದರೂ ನಡೆಯುತ್ತದೆ. ನಿಮ್ಮದೊಂದು ಒಪ್ಪಿಗೆ ಪತ್ರ ಅವರ ಕೈಲಿದ್ದರೆ ಕೌಂಟರಿನಲ್ಲಿ ವಾದ ಕಡಿಮೆ.

ಹುಡುಕುವವರಿಗೆ ನೀವು ಒಂದು ಮಾತು ಹೇಳಲೇಬೇಕು. ಈ ಪುಸ್ತಕಗಳು ಅಕಾರಾದಿಯಲ್ಲಿಲ್ಲ. ನೋಂದಣಿಯಾದ ಕ್ರಮದಲ್ಲಿ ಒಂದರ ಕೆಳಗೊಂದು ಬರೆದುಕೊಂಡು ಹೋಗಿರುತ್ತಾರೆ, ಜನವರಿ 1ಕ್ಕೆ ಹೊಸ ಪುಸ್ತಕ, ಹೊಸ ಸಂಖ್ಯೆ. ಅಜ್ಜ ಡಿಸೆಂಬರ್ 20ಕ್ಕೆ ತೀರಿಕೊಂಡು, ಹನ್ನೊಂದನೇ ದಿನದ ಮಾದ (ಉತ್ತರಕ್ರಿಯೆ) ಮುಗಿಸಿ ಮನೆಯವರು ಜನವರಿಯಲ್ಲಿ ಬರೆಸಿದ್ದರೆ ಸಾಲು ಇರುವುದು 1992ರ ಪುಸ್ತಕದಲ್ಲಿ. 1991ರದ್ದು ಮಾತ್ರ ತಿರುವಿ ‘ಸಿಗಲಿಲ್ಲ’ ಎಂದು ಬರೆದುಕೊಡುವುದು ಇಂಥ ಕಡೆಯೇ. ಮುಂದಿನ ವರ್ಷದ ಪುಸ್ತಕವನ್ನೂ ನೋಡಬೇಕೆಂದು ಅರ್ಜಿಯಲ್ಲೇ ಕೇಳಿ.

ಸಾಲು ಸಿಕ್ಕಿತು ಎನ್ನಿ. ಪ್ರಿಂಟ್ ಕೊಡುವ ಮೊದಲು ಹೆಸರನ್ನು ಪರದೆಯ ಮೇಲೆ ಓದಿ ನೋಡಿ. ಕೊಡವ ಹೆಸರುಗಳಲ್ಲಿ ಒಕ್ಕದ (ಮನೆತನದ) ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಷಿಯಲ್. ಪಹಣಿಯಲ್ಲಿ ಒಂದು, ಆಧಾರಿನಲ್ಲಿ ಒಂದು. ಅಜ್ಜಿಯಂದಿರ ಹೆಸರಿನ ಪಾಡು ಇನ್ನೂ ಕಷ್ಟ: ರಿಜಿಸ್ಟರಿನಲ್ಲಿ ‘ಮುತ್ತವ್ವ’, ಮತದಾರರ ಪಟ್ಟಿಯಲ್ಲಿ ‘ಮುತ್ತಮ್ಮ’, ಅದರ ಮೇಲೆ ತವರಿನ ಒಕ್ಕವೋ ಗಂಡನ ಒಕ್ಕವೋ ಎಂಬ ಗೊಂದಲ. ಪುಸ್ತಕದಲ್ಲಿ ಸರಿಯಿದ್ದು ಟೈಪಿಸುವಾಗ ತಪ್ಪಿದ್ದರೆ ಅಲ್ಲೇ ಸರಿಪಡಿಸಿಕೊಡುತ್ತಾರೆ. ಪುಸ್ತಕದಲ್ಲೇ ತಪ್ಪಿದ್ದರೆ 15ನೇ ಸೆಕ್ಷನ್ ಪ್ರಕಾರ ತಿದ್ದುಪಡಿಗೆ ಅರ್ಜಿ, ವಿಷಯ ಬಲ್ಲ ಇಬ್ಬರು ನಂಬಿಕಸ್ಥರ ಹೇಳಿಕೆ, ಸರಿಯಾದ ಹೆಸರಿರುವ ಹಳೆಯ ದಾಖಲೆ ಬೇಕು. ಹಳೆಯ ಸಾಲನ್ನು ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಹಾಕುತ್ತಾರೆ.

ಎಲ್ಲಿಯೂ ಸಿಗಲಿಲ್ಲವೆಂದರೆ ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡಿ, ನಮೂನೆ 10ರಲ್ಲಿ ಅಲಭ್ಯತಾ ಪ್ರಮಾಣಪತ್ರ ಕೇಳಿ. ಅದು ಕೈಯಲ್ಲಿದ್ದರೆ ಮಾತ್ರ ತಡವಾದ ನೋಂದಣಿಯ ಬಾಗಿಲು ತೆರೆಯುತ್ತದೆ. ಒಂದು ವರ್ಷ ದಾಟಿದ ಮರಣಕ್ಕೆ ಹಿಂದೆ ಕೋರ್ಟಿಗೆ ಹೋಗಬೇಕಿತ್ತು, ಈಗಲೂ ಹಲವರು ಅದನ್ನೇ ಹೇಳುತ್ತಾರೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಆ ಆದೇಶ ಕೊಡುವುದು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿ. ನಮ್ಮಲ್ಲಿ ಮಡಿಕೇರಿಯ ಎಸಿ (ಉಪವಿಭಾಗಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.

ಅಲ್ಲಿ ಕೇಳುವುದು ಸಾವಿನ ಸಾಕ್ಷ್ಯ. ನಗರದವರಿಗೆ ಚಿತಾಗಾರದ ರಶೀದಿ ಇರುತ್ತದೆ, ಒಕ್ಕದ ಜಾಗದಲ್ಲೇ ಸಂಸ್ಕಾರ ಮಾಡುವವರಿಗೆ ಅದೆಲ್ಲಿ? ಬದಲಿಗೆ ಮಾದದ ಕಾಗದ, ಪತ್ರಿಕೆಯಲ್ಲಿ ಹಾಕಿಸಿದ ನಿಧನ ವಾರ್ತೆ, ಪಿಂಚಣಿ ನಿಲ್ಲಿಸಿದ ಆದೇಶ, ಪಡಿತರ ಚೀಟಿಯಿಂದ ಹೆಸರು ತೆಗೆದ ದಾಖಲೆ ಹುಡುಕಿ. ಕ್ರೈಸ್ತರಿಗೆ ಚರ್ಚಿನ, ಮುಸ್ಲಿಮರಿಗೆ ಜಮಾಅತಿನ ದಫನ ದಾಖಲೆ ಗಟ್ಟಿ ಆಧಾರ. ತೋಟದ ಲೈನ್‌ಮನೆಯಲ್ಲಿ ತೀರಿಕೊಂಡ ಕಾರ್ಮಿಕರ ವಿಷಯ ಬೇರೆ. ನಾಲ್ಕು ಹೆಕ್ಟೇರಿಗೆ, ಅಂದರೆ ಸುಮಾರು ಹತ್ತು ಎಕರೆಗೆ ಕಡಿಮೆಯಿಲ್ಲದ ಕಾಫಿ, ಮೆಣಸು, ಏಲಕ್ಕಿ ತೋಟದಲ್ಲಿ ಸಾವನ್ನು ನೋಂದಣಾಧಿಕಾರಿಗೆ ತಿಳಿಸುವ ಹೊಣೆ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ತೋಟದ ಮ್ಯಾನೇಜರರದು. ಆ ಕಾರ್ಮಿಕರ ಮಕ್ಕಳು ಮೊದಲು ತೋಟದ ಆಫೀಸಿನ ಹಳೆಯ ಕಡತ, ಚೆಕ್‌ರೋಲ್ (ಕಾರ್ಮಿಕರ ಹಾಜರಿ ಪುಸ್ತಕ) ಕೇಳಿ ನೋಡಲಿ.

ಪೌತಿ ಖಾತೆಯ ಬಗ್ಗೆ ಒಂದು ಎಚ್ಚರಿಕೆ. ಜಮ್ಮಾ ಜಾಗವಾದರೆ, ಅಂದರೆ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದದ್ದಾದರೆ, ಪಹಣಿಯಲ್ಲಿ ಇನ್ನೂ ಅಜ್ಜನಿಗಿಂತ ಹಿಂದಿನ ಪಟ್ಟೇದಾರರ (ಒಕ್ಕದ ಪರವಾಗಿ ಜಾಗ ಯಾರ ಹೆಸರಿನಲ್ಲಿದೆಯೋ ಅವರ) ಹೆಸರು ನಿಂತಿರಬಹುದು. ಹಾಗಿದ್ದರೆ ಅಜ್ಜನದೊಂದೇ ಪ್ರಮಾಣಪತ್ರ ಸಾಲದು. ಈ ಕಾಯ್ದೆ ಕರ್ನಾಟಕದಲ್ಲಿ ಜಾರಿಯಾದದ್ದು 1970ರ ಏಪ್ರಿಲ್ 1ರಿಂದ, ಅದಕ್ಕೂ ಹಿಂದಿನ ಸಾವುಗಳ ದಾಖಲೆ ಸಿಗುವುದು ಕಷ್ಟ. ಇತ್ತೀಚಿನ ಪಹಣಿ ತೆಗೆದು, ಯಾರ ಯಾರ ಮರಣ ಪ್ರಮಾಣಪತ್ರ ಬೇಕು, ಯಾರದಕ್ಕೆ ವಂಶವೃಕ್ಷ ಮತ್ತು ಪ್ರಮಾಣಪತ್ರದ ಬದಲು ಅಫಿಡವಿಟ್ ನಡೆಯುತ್ತದೆ ಎಂದು ನಾಡಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಇದೇ ರೆಕಾರ್ಡ್ ರೂಮಿಗೆ ಮೂರು ಸಲ ಅಲೆಯಬೇಕಾಗುತ್ತದೆ.

ಪ್ರತಿ ಎಷ್ಟು? ಐದಾರು ತೆಗೆಯಿರಿ. ಪೌತಿ ಖಾತೆ, ಬ್ಯಾಂಕು, ಸಹಕಾರ ಸಂಘ, ಅಜ್ಜನ ಹೆಸರಿನಲ್ಲಿ ಕೋವಿಯ ವಿನಾಯಿತಿ ಪತ್ರ (ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡುವುದು) ಉಳಿದಿದ್ದರೆ ಅದಕ್ಕೂ ಬೇಕು. ಸಾವಿನ ಕಾರಣ ಇದರಲ್ಲಿ ಇರುವುದಿಲ್ಲ, ಉದ್ಧೃತದಲ್ಲಿ ಕಾರಣ ತೋರಿಸಬಾರದೆಂದು ಕಾಯ್ದೆಯೇ ಹೇಳುತ್ತದೆ. ವಿಮೆಯವರು ಕಾರಣ ಕೇಳಿದರೆ ಅದು ವೈದ್ಯರ ಪ್ರಮಾಣಪತ್ರದಿಂದ ಬರಬೇಕು, ಇಲ್ಲಿ ಜಗಳವಾಡಿ ಫಲವಿಲ್ಲ. ಲ್ಯಾಮಿನೇಷನ್ ಮಾಡಿಸಬೇಡಿ, ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು ಕಬ್ಬಿಣದ ಬೀರುವಿನಲ್ಲಿಡಿ, ಗೋಡೆಗೆ ತಾಗಿದ ಮರದ ಕಪಾಟು ನಮ್ಮ ಮಳೆಗೆ ಆಗದು.

ಹೊರಡುವ ದಿನ ನೋಡಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು, ಸರ್ವರು ಎರಡನ್ನೂ ನಂಬುವಂತಿಲ್ಲ, ಫೋನ್ ಮಾಡಿಯೇ ಬನ್ನಿ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಕೊಡಗು ಜಿಲ್ಲೆಗೆ ಮಾತ್ರ ರಜೆ. ಬೆಂಗಳೂರಿನ ಕ್ಯಾಲೆಂಡರ್ ನೋಡಿ ಬಸ್ಸು ಹತ್ತಿದರೆ ಬೀಗ ನೋಡಿಕೊಂಡು ಹಿಂದಿರುಗುತ್ತೀರಿ.